ಸ್ಟ್ರೆಸ್ ರೌಂಡಿಗೆ ಅಪ್ಪ ಬಂದ ವರ್ಷ

ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಮೂಗಿಗೆ ಬಡಿದದ್ದು ಹೊಸ ಫ್ಲೆಕ್ಸಿನ ವಾಸನೆ. ಬಿಳೇಕಹಳ್ಳಿಯ ತಿರುವಿನಲ್ಲಿ ಇಬ್ಬರು ಏಣಿ ಹತ್ತಿ, ಬಿಸಿಲಿಗೆ ಇನ್ನೂ ಅಂಟಂಟಾಗಿದ್ದ ಬ್ಯಾನರೊಂದನ್ನು ಕಂಬಕ್ಕೆ ಬಿಗಿಯುತ್ತಿದ್ದರು. ಫ್ಲೆಕ್ಸ್ ಕಟ್ಟಬಾರದೆಂಬ ಕಾನೂನು ಈ ಊರಿನಲ್ಲಿದೆ. ಕಟ್ಟುವವರಿಗೂ ಗೊತ್ತು, ಕಟ್ಟಿಸುವವರಿಗೂ ಗೊತ್ತು. ನನ್ನ ಹಳೆಯ ಕಾಲೇಜಿನ ಫೆಸ್ಟ್. ಕೆಳಗೆ ಕೆಂಪು ಅಕ್ಷರದಲ್ಲಿ 'ಬೆಸ್ಟ್ ಮ್ಯಾನೇಜರ್ ಫೈನಲ್ – ಪೋಷಕರಿಗೆ ಆದರದ ಸ್ವಾಗತ' ಎಂದಿತ್ತು.

ನಾನು ಅದನ್ನೇ ದಿಟ್ಟಿಸುತ್ತಿದ್ದುದನ್ನು ಆಟೋದವರು ಕನ್ನಡಿಯಲ್ಲಿ ಗಮನಿಸಿದರು.

"ಇಲ್ಲೇ ಓದಿದ್ದಾ ಮೇಡಂ?"

"ಹೂಂ."

"ಒಳ್ಳೇ ಕಾಲೇಜಾ? ಮಗಳು ಈ ವರ್ಷ ಬಿಕಾಂ ಮುಗಿಸ್ತಾಳೆ. ಎಂಬಿಎ ಮಾಡ್ತೀನಿ ಅಂತ ಕೂತಿದಾಳೆ."

"ಸೇರ್ಸಿ. ಕೆಲಸ ಕೊಡಿಸ್ತಾರೆ," ಎಂದೆ. "ಆದ್ರೆ ಫೆಸ್ಟಿಗೆ ಕರೆದ್ರೆ ನೀವು ಮಾತ್ರ ಹೋಗ್ಬೇಡಿ."

ಅವರು ನಕ್ಕರು. ತಮಾಷೆಗೆ ಹೇಳಿದೆ ಅಂದುಕೊಂಡಿರಬೇಕು. ಸಿಗ್ನಲ್ ಬಿಟ್ಟಿತು, ಕಾಲೇಜಿನ ಗಾಜಿನ ಕಟ್ಟಡ ಹಿಂದೆ ಸರಿಯಿತು. ನನಗೆ ಮಾತ್ರ ಮನೆ ಸೇರುವವರೆಗೂ ಆ ಒಂದು ವರ್ಷ ತಲೆಯಿಂದ ಇಳಿಯಲಿಲ್ಲ.

ಮ್ಯಾನೇಜ್‌ಮೆಂಟ್ ಓದು ಎಂದರೆ ದೇಶಕ್ಕೆಲ್ಲ ನೆನಪಾಗುವ ದೊಡ್ಡ ಕಲ್ಲಿನ ಕ್ಯಾಂಪಸ್ಸು ಅದೇ ರಸ್ತೆಯಲ್ಲಿದೆ. ನಾವು ಓದಿದ್ದು ಅದರ ನೆರಳಿನಲ್ಲಿ ಹೊಟ್ಟೆ ಹೊರೆಯುವ ಇನ್ನೊಂದು ಕಾಲೇಜಿನಲ್ಲಿ. ಊರಿನ ಹಳೆಯ ಗೌಡರ ಮನೆತನವೊಂದು ತಾತನ ಕಾಲದ ರಾಗಿ ಹೊಲದಲ್ಲಿ ಮೊದಲು ಕಲ್ಯಾಣಮಂಟಪ ಕಟ್ಟಿಸಿ, ಅದು ಓಡದೆ ಹೋದಾಗ ಸುತ್ತ ಗಾಜು ಹಾಕಿಸಿ ಕಾಲೇಜು ಮಾಡಿತ್ತು. ನಮ್ಮ ಆಡಿಟೋರಿಯಂ ಎಂದರೆ ಮಂಟಪದ ಹಳೆಯ ಧಾರೆಯ ಹಾಲ್. ವೇದಿಕೆಯ ಎರಡೂ ಬದಿಗೆ ಸಿಮೆಂಟಿನ ಬಾಳೆಕಂಬಗಳು ಹಾಗೇ ಉಳಿದಿದ್ದವು. ಅವುಗಳಿಗೆ ನೀಲಿ ಬಣ್ಣ ಬಳಿದು ಕಾರ್ಪೊರೇಟ್ ಮಾಡಿದ್ದರು.

ನಮ್ಮ ಮನೆ ಶ್ರೀನಗರದಲ್ಲಿ, ಎದುರುಬದುರು ಮನೆಯವರ ಒಗ್ಗರಣೆ ಪರಸ್ಪರ ಗೊತ್ತಾಗುವಷ್ಟು ಕಿರಿದಾದ ಅಡ್ಡರಸ್ತೆಯಲ್ಲಿ. ಅಪ್ಪ ಅಪರಕರ್ಮ ಮಾಡಿಸುವ ಪುರೋಹಿತರು. ನಾಮಕರಣ, ಮದುವೆ, ಗೃಹಪ್ರವೇಶಕ್ಕೆ ಬರುವ ಪುರೋಹಿತರು ಬೇರೆ. ಸತ್ತಮೇಲಿನ ಕರ್ಮಕ್ಕೆ, ವರ್ಷದ ತಿಥಿಗೆ ಬರುವವರು ಬೇರೆ. ಸಾವಿನ ಮನೆಯಲ್ಲಿ ಜನ ಅಪ್ಪನ ಕಾಲಿಗೆ ಬೀಳುತ್ತಾರೆ. ಅದೇ ಜನ ಮುಂದಿನ ವರ್ಷ ಮಗಳ ಮದುವೆ ಮಾಡುವಾಗ ನಮ್ಮ ಮನೆಗೆ ಪತ್ರಿಕೆ ಕೊಡುವುದಿಲ್ಲ. ಬೆಳಿಗ್ಗೆ ಅಪ್ಪ ಎದುರಾದರೆ ಅಪಶಕುನ. ಎದುರು ಮನೆಯ ರಾಯರು ಸ್ಕೂಟರ್ ಹೊರಗೆ ತೆಗೆಯುವಾಗ ಅಪ್ಪ ಕಣ್ಣಿಗೆ ಬಿದ್ದರೆ, ಏನೋ ಮರೆತವರ ಹಾಗೆ ಒಳಗೆ ಹೋಗಿ, ನೀರು ಕುಡಿದು, ಮತ್ತೆ ಹೊರಡುತ್ತಿದ್ದರು. ರಾಯರು ಕೆಟ್ಟವರೇನಲ್ಲ. ಯುಗಾದಿಗೆ ಅವರ ಮನೆಯಿಂದ ಒಬ್ಬಟ್ಟು ಬರುತ್ತಿತ್ತು.

ಅಪ್ಪ ಯಾರಿಗೂ ತೊಂದರೆ ಕೊಡದೆ ಬದುಕುವುದನ್ನು ಎಂದೋ ಕಲಿತಿದ್ದರು. ಬೀದಿಯಲ್ಲಿ ಯಾರಾದರೂ ಹೊಸ ಬಟ್ಟೆ ಉಟ್ಟು ಹೊರಟಿದ್ದರೆ, ಅವರು ಮೂಲೆ ತಿರುಗುವವರೆಗೂ ಗೇಟಿನ ಒಳಗೇ ನಿಲ್ಲುತ್ತಿದ್ದರು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಗುಗಳಲ್ಲಂತೂ ಕೋಣೆಯ ಬಾಗಿಲು ಮುಚ್ಚಿಕೊಂಡು ಕೂತುಬಿಡುತ್ತಿದ್ದರು. ಮಗಳಿಗೂ ತನ್ನ ಮುಖ ತಗುಲಬಾರದು ಎಂದು. ನಾನು ಚಿಕ್ಕವಳಿದ್ದಾಗ ಅದು ಎಲ್ಲರ ಮನೆಯ ಪದ್ಧತಿ ಅಂದುಕೊಂಡಿದ್ದೆ.

ಕೋವಿಡ್ಡಿನ ಎರಡನೇ ಅಲೆ ಬಂತಲ್ಲ, ಆ ಬೇಸಿಗೆ ಅಪ್ಪ ಮನೆಯಲ್ಲಿದ್ದದ್ದೇ ಕಡಿಮೆ. ಹೆತ್ತವರ ಅಸ್ಥಿ ಮುಟ್ಟಲು ಮಕ್ಕಳು ಹೆದರಿದಾಗ ಅಪ್ಪ ಮುಟ್ಟಿದರು. ಬರಲಾಗದವರಿಗೆ ಫೋನಿನಲ್ಲಿ ಮಂತ್ರ ಹೇಳಿಕೊಟ್ಟರು, ಯಾರೂ ಇಲ್ಲದವರಿಗೆ ತಾವೇ ಎಳ್ಳುನೀರು ಬಿಟ್ಟರು. ಹಿತ್ತಲ ನಲ್ಲಿಯ ಕೆಳಗೆ ಸ್ನಾನ ಮಾಡಿ ತಾರಸಿಯ ಕೋಣೆ ಸೇರಿಕೊಳ್ಳುತ್ತಿದ್ದರು. ಅಮ್ಮ ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಕೆಳಗೆ ಬರುತ್ತಿದ್ದಳು. ಮೇಲಿನಿಂದ ಒಮ್ಮೊಮ್ಮೆ ಅಳು ಕೇಳುತ್ತಿತ್ತು. ನಾವು ಕೇಳಿಸಿಕೊಂಡೆವೆಂದು ಅವರಿಗೆ ಹೇಳಲಿಲ್ಲ.

ಅದಾದ ಮೇಲೆ ಕಾಲೇಜುಗಳು ತೆರೆದವು, ನಾನು ಎಂಬಿಎ ಸೇರಿದೆ. ಮೊದಲ ದಿನದ ಪರಿಚಯದಲ್ಲಿ ತಂದೆ ಪುರೋಹಿತರು ಎಂದಷ್ಟೇ ಹೇಳಿದೆ. "ಸೋ ಟ್ರೆಡಿಷನಲ್," ಅಂದಿತು ಹಿಂದಿನ ಬೆಂಚು.

ಆ ಕಾಲೇಜಿನಲ್ಲಿ ಎಲ್ಲರಿಗೂ ಒಂದೊಂದು ಸ್ಟೋರಿ ಇರಬೇಕಿತ್ತು. ಪ್ಲೇಸ್‌ಮೆಂಟ್ ತರಬೇತಿಗೆ ಬರುತ್ತಿದ್ದ ಮೇಡಂ ಬಾಯಿ ತೆರೆದರೆ, "ಮಾರ್ಕ್ಸ್ ಎಲ್ಲರ ಹತ್ರಾನೂ ಇರುತ್ತೆ, ನಿಮ್ಮ ಸ್ಟೋರಿ ಏನು?" ಎನ್ನುತ್ತಿದ್ದರು. ಹೀಗಾಗಿ ಪಿಯುಸಿಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವನು ಅದನ್ನೇ ಲೀಡರ್‌ಶಿಪ್ ಮಾಡಿಕೊಂಡ. ಸಾಕಿದ ನಾಯಿ ಸತ್ತವಳು ಅದನ್ನು ರೆಸಿಲಿಯನ್ಸ್ ಮಾಡಿಕೊಂಡಳು. ಏನೂ ಆಗದೆ ಸುಖವಾಗಿ ಬೆಳೆದವರು ಪಾಪ, ಸಂಕಟವೇ ಇಲ್ಲವೆಂಬ ಸಂಕಟದಲ್ಲಿದ್ದರು. ಅಳುವ ಮಗುವಿಗೆ ಹಾಲು ಎನ್ನುತ್ತಾರೆ. ನಮ್ಮಲ್ಲಿ ಚೆಂದವಾಗಿ ಅತ್ತವರಿಗೆ ಮಾತ್ರ ಹಾಲು.

ಇಂಥಲ್ಲಿ ನನಗೆ ಸಿಕ್ಕ ಗೆಳತಿ ಶ್ರೇಯಾ. ಜಯನಗರದವಳು. ಅಪ್ಪ ಅಮ್ಮ ಇಬ್ಬರೂ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮಾತು ಜಾಸ್ತಿ, ಮನಸ್ಸು ಮೆತ್ತಗೆ. ಗ್ರೂಪ್ ಪ್ರಾಜೆಕ್ಟಿನಲ್ಲಿ ನನ್ನ ಪಾಲಿನ ಸ್ಲೈಡನ್ನೂ ಮಾಡಿಕೊಟ್ಟು, ಬೈದು, ಆಮೇಲೆ ಮಸಾಲೆ ದೋಸೆ ಕೊಡಿಸುವ ಜಾತಿ. ಎರಡನೇ ವರ್ಷದ ಶುರುವಿನಲ್ಲಿ ಒಂದು ಭಾನುವಾರ ನಮ್ಮ ಮನೆಗೆ ಬಂದಳು. ನಾನು ಬೇಕೆಂದೇ ಅಪ್ಪ ಹೊರಗಿರುವ ಹೊತ್ತು ನೋಡಿ ಕರೆದಿದ್ದೆ. ಆದರೆ ಅಪ್ಪ ಬೇಗ ಬಂದುಬಿಟ್ಟರು. ಬಾಗಿಲಲ್ಲಿ ಹೊಸ ಮುಖ ಕಂಡು, ಅಭ್ಯಾಸ ಬಲದಿಂದ, ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಲು ತಿರುಗಿದರು.

ಶ್ರೇಯಾ ಎದ್ದು ನಿಂತಳು. "ಅಂಕಲ್, ಒಂದ್ನಿಮಿಷ. ನಮ್ಮ ತಾತಂಗೆ ಮಾಡ್ಸಿದ್ದು ನೀವೇ ಅಲ್ವಾ? ಸೆಕೆಂಡ್ ವೇವಲ್ಲಿ? ನಾವೆಲ್ಲ ವಿಡಿಯೋದಲ್ಲಿ ನೋಡಿದ್ವಿ."

ಅಪ್ಪ ಅವಳನ್ನು ನೋಡಿದರು. "ಜಯನಗರ… ಪಾರ್ಕಿನ ಎದುರು ಮನೆ ಅಲ್ವೇನಮ್ಮ? ನಿಮ್ಮ ಅಜ್ಜಿ ಹೇಗಿದಾರೆ?"

ಅವಳು ಹೋಗಿ ಅವರ ಕಾಲು ಮುಟ್ಟಿದಳು. ಸಾವಿನ ಮನೆಯ ಹೊರಗೆ, ಬೆಳ್ಳಂಬೆಳಕಿನಲ್ಲಿ, ಅಪ್ಪನನ್ನು ಕಂಡು ಒಬ್ಬರು ಹತ್ತಿರ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವಳು ಹೋದಮೇಲೆ ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ಅಮ್ಮನಿಗೆ ಹೇಳಿದರು, "ಆ ಹುಡುಗಿ ತಾನಾಗೇ ಮಾತಾಡಿಸ್ತು ಕಣೇ." ಊಟಕ್ಕೆ ಕೂತಾಗ ಇನ್ನೊಮ್ಮೆ ಹೇಳಿದರು.

ನನಗೆ ಅಂದೇ ಹಟ ಹುಟ್ಟಿತು. ಇವರನ್ನು ಕೋಣೆಯಿಂದ ಹೊರಗೆ ತರಬೇಕು. ಮೂರನೇ ಸೆಮಿಸ್ಟರಿನ ಪರೀಕ್ಷೆಯ ಮೊದಲ ಬೆಳಿಗ್ಗೆ ಚಪ್ಪಲಿ ಮೆಟ್ಟಿ ನಡುಮನೆಯಲ್ಲಿ ನಿಂತು, "ಅಪ್ಪ ಎದುರು ಬರದೆ ನಾನು ಹೊರಡಲ್ಲ," ಎಂದೆ. ಅಮ್ಮ ಗಾಬರಿಯಾದಳು. "ಬೇಡ ಕಣೇ, ಪರೀಕ್ಷೆ ಇಟ್ಕೊಂಡು ಏನಿದು ಹುಚ್ಚಾಟ?" ಅಪ್ಪ ಒಳಗಿನಿಂದಲೇ ಬೇಡ ಬೇಡ ಎಂದರು. ಬಸ್ ತಪ್ಪುತ್ತದೆ ಎಂದು ಹೆದರಿಸಿದೆ. ಕೊನೆಗೆ ಬಾಗಿಲು ತೆರೆದು, ಅರ್ಧ ಮುಖ ತೋರಿಸಿ, "ಹೋಗ್ಬಾ," ಎಂದರು. ಆ ಪೇಪರು ಚೆನ್ನಾಗಿಯೇ ಆಯಿತು. ಮುಂದಿನದಕ್ಕೆ ಹೊಸಿಲಿನವರೆಗೆ ಬಂದರು. ಕೊನೆಯ ಪರೀಕ್ಷೆಯ ದಿನ ಗೇಟಿನ ಹೊರಗೆ ನಿಂತಿದ್ದರು, ರಾಯರ ಸ್ಕೂಟರಿಗೆ ಕಾಣುವ ಹಾಗೆ. ಆ ಸೆಮಿಸ್ಟರಿನಲ್ಲಿ ನಾನು ಕ್ಲಾಸಿಗೆ ಮೊದಲು ಬಂದೆ. ಓದಿದ್ದೆ, ಬಂದೆ; ಆದರೆ ಅಪ್ಪನ ಮಟ್ಟಿಗೆ ಅದಕ್ಕೆ ಬೇರೆಯೇ ಅರ್ಥವಿತ್ತು. ಅಂಕ ಕೇಳಿದ ದಿನ ಕೂತಲ್ಲೇ ಏನೋ ಲೆಕ್ಕ ಹಾಕುವವರ ಹಾಗೆ ತಲೆಯಾಡಿಸುತ್ತಿದ್ದರು.

ಫೆಬ್ರವರಿಯಲ್ಲಿ ಫೆಸ್ಟ್ ಬಂತು. ಜಯನಗರದ ರಸ್ತೆಗಳಲ್ಲಿ ಮರಗಳು ಎಲೆ ಉದುರಿಸಿ ಗುಲಾಬಿ ಹೂವು ಹೊತ್ತು ನಿಂತಿದ್ದವು. ನಮ್ಮ ರಸ್ತೆಯಲ್ಲಿ ಮೆಟ್ರೋ ಕೆಲಸದ ಧೂಳು. ಆ ಧೂಳಿನಲ್ಲಿ ಕೋಟು ಟೈ ಬಿಗಿದುಕೊಂಡು ನಾವು ಪ್ರಾಯೋಜಕರನ್ನು ಹುಡುಕಿ ತಿಲಕ್ ನಗರದ ಚಪ್ಪಲಿ ಅಂಗಡಿಯಿಂದ ಬಿಟಿಎಂನ ಕೋಚಿಂಗ್ ಸೆಂಟರಿನವರೆಗೆ ಅಲೆದೆವು. ಫೆಸ್ಟಿನ ಕಿರೀಟವೆಂದರೆ 'ಬೆಸ್ಟ್ ಮ್ಯಾನೇಜರ್'. ಅದರ ಕೊನೆಯ ಸುತ್ತು ಸ್ಟ್ರೆಸ್ ರೌಂಡ್. ಸ್ಪರ್ಧಿಯನ್ನು ವೇದಿಕೆಯ ಮೇಲೆ ಕೂರಿಸಿ, ಎಲ್ಲಿ ನೋಯುತ್ತದೋ ಅಲ್ಲೇ ಪ್ರಶ್ನೆ ಕೇಳಿ, ಅಲುಗಾಡದೆ ಉತ್ತರಿಸುತ್ತಾರಾ ನೋಡುವುದು. ಎಲ್ಲಿ ನೋಯುತ್ತದೆಂದು ತೀರ್ಪುಗಾರರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ನಮ್ಮ ಕಾಲೇಜಿನಲ್ಲಿ ಒಂದು ವಾಡಿಕೆಯಿತ್ತು. ಆಯೋಜಕರು ಸ್ಪರ್ಧಿಯ ಆಪ್ತ ಗೆಳೆಯರನ್ನು ಗುಟ್ಟಾಗಿ ಕರೆದು ಕೇಳಿ ತಿಳಿದುಕೊಳ್ಳುತ್ತಿದ್ದರು. ಇದಕ್ಕೆ 'ಮಸಾಲೆ ಕೊಡೋದು' ಎಂದು ಹೆಸರು. ಎಲ್ಲರಿಗೂ ಗೊತ್ತಿದ್ದ ಗುಟ್ಟು. ಹಿಂದಿನ ವರ್ಷ ಒಬ್ಬನಿಗೆ ಬಿಟ್ಟುಹೋದ ಹುಡುಗಿಯ ಹೆಸರು ಹಿಡಿದು ಕೇಳಿದ್ದರು, ಅವನು ನಕ್ಕುಬಿಟ್ಟ, ಗೆದ್ದ.

ನಾನು ಫೈನಲ್ ತಲುಪಿದಾಗ ನನ್ನ ಮಸಾಲೆ ಶ್ರೇಯಾಳ ಕೈಯಲ್ಲಿದೆ ಎಂದು ನನಗೂ ಗೊತ್ತಿತ್ತು. ನನಗೆ ಹಲ್ಲಿ ಕಂಡರೆ ಆಗದು. ಅದನ್ನೇ ಹೇಳುತ್ತಾಳೆ ಅಂದುಕೊಂಡು ಹಲ್ಲಿಯ ಬಗ್ಗೆ ಒಂದೆರಡು ಚುರುಕು ಉತ್ತರ ತಯಾರಿಟ್ಟುಕೊಂಡಿದ್ದೆ.

ಆ ವರ್ಷ ಫೈನಲ್ಲಿಗೆ ಪೋಷಕರನ್ನೂ ಕರೆದಿದ್ದರು. ಅಂದೇ ಚಿಕ್ಕಮ್ಮನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಅಮ್ಮ ಅಲ್ಲಿಗೆ ಹೋಗಲೇಬೇಕಿತ್ತು. ಅಪ್ಪನಿಗೆ ಎಂದಿನಂತೆ ಅಲ್ಲಿಗೆ ಕರೆಯಿರಲಿಲ್ಲ.

"ನೀವು ನನ್ನ ಜೊತೆ ಬನ್ನಿ," ಎಂದೆ.

"ಶುಭಕಾರ್ಯಕ್ಕೆ ನಾನ್ಯಾಕೆ ಪುಟ್ಟಿ?"

"ಅದು ಶುಭವೂ ಅಲ್ಲ, ಅಶುಭವೂ ಅಲ್ಲ ಅಪ್ಪ. ಎಂಬಿಎ."

ಅವರು ನಕ್ಕರು. ಅಪ್ಪ ನಗುವುದೇ ಅಪರೂಪ. ನಕ್ಕಾಗ ಒಪ್ಪಿದ ಹಾಗೆ. ಬಿಳಿ ಪಂಚೆಗೆ ಇಸ್ತ್ರಿ ಮಾಡಿಸಿದರು. ತುಂಬು ತೋಳಿನ ಶರ್ಟು ಹಾಕಿಕೊಂಡು, ಜುಟ್ಟು ಕಾಣಿಸುತ್ತದೆಯೇ ಎಂದು ನನ್ನನ್ನೇ ಕೇಳಿದರು. ಕಾಣಲಿ ಬಿಡಿ ಎಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಬನಶಂಕರಿ ದಾಟುವಾಗ, ಇಲ್ಲಿಗೆಲ್ಲ ಕೆಲಸದ ಮೇಲೆ ಎಷ್ಟೋ ಸಲ ಬಂದಿದ್ದೇನೆ, ಹೀಗೆ ಸುಮ್ಮನೆ ಬಂದಿಲ್ಲ ಎಂದರು.

ಬಾಗಿಲಲ್ಲೇ ಮೊದಲ ಎಡವಟ್ಟು. ಸ್ವಾಗತಕ್ಕೆ ನಿಂತಿದ್ದ ಜೂನಿಯರ್ ಹುಡುಗಿ ಪಂಚೆ, ಜುಟ್ಟು ನೋಡಿ ಓಡಿಬಂದಳು. "ಸಾರ್, ಕರೆಕ್ಟಾಗಿ ಬಂದ್ರಿ. ದೀಪ ಹಚ್ಚೋವಾಗ ಒಂದು ಶ್ಲೋಕ ಹೇಳ್ತೀರಾ? ಹಾಡೋ ಹುಡುಗಿ ಬಂದಿಲ್ಲ." ಅಪ್ಪ, "ಅಯ್ಯೋ, ನಾನು ಹೇಳ್ಬಾರ್ದಮ್ಮ," ಎಂದು ಹಿಂದೆ ಸರಿದು, ಅವಳು ಏಕೆ ಎನ್ನುವಷ್ಟರಲ್ಲಿ ಹಾಲ್‌ನ ಕೊನೆಯ ಸಾಲಿಗೆ ಹೋಗಿ ಗೋಡೆಯ ಪಕ್ಕ ಕೂತುಬಿಟ್ಟರು. ಮುಂದೆ ಬನ್ನಿ ಎಂದು ನಾನು ಕರೆದೆ. "ಇದು ಧಾರೆ ಮಂಟಪ ಅಲ್ವೇನೇ? ಕಂಬ ನೋಡು," ಎಂದರು. ಇಲ್ಲಪ್ಪ, ಆಡಿಟೋರಿಯಂ ಎಂದೆ. ದೀಪ ಹಚ್ಚುವಾಗ ಅವರು ತಲೆ ತಗ್ಗಿಸಿ ನೆಲ ನೋಡುತ್ತಿದ್ದದ್ದು ನನಗೆ ವೇದಿಕೆಯ ಪಕ್ಕದಿಂದ ಕಾಣುತ್ತಿತ್ತು.

ನನ್ನ ಸರದಿ ಬಂತು. ತೀರ್ಪುಗಾರರಲ್ಲಿ ಹಿರಿಯರು ಯಾವುದೋ ಕಂಪನಿಯಲ್ಲಿ ಮಾನವ ಸಂಪನ್ಮೂಲದ ಮುಖ್ಯಸ್ಥರಾಗಿದ್ದವರು. ಕನ್ನಡಕ ಮೂಗಿನ ತುದಿಗೆ ಇಳಿಸಿ ಮಾತಾಡುತ್ತಿದ್ದರು. ಇಂಗ್ಲಿಷಿನಲ್ಲಿ ಒಂದೆರಡು ಪ್ರಶ್ನೆ ಕೇಳಿ, ನಾನು ಸಲೀಸಾಗಿ ಉತ್ತರಿಸಿದ್ದು ಕಂಡು, ಹಿಂದಕ್ಕೆ ಒರಗಿದರು.

"ಕನ್ನಡದವರಲ್ವಾ? ಕನ್ನಡದಲ್ಲೇ ಕೇಳ್ತೀನಿ. ನಿಮ್ಮ ತಂದೆಯವರು ಅಪರಕರ್ಮ ಮಾಡಿಸ್ತಾರಂತೆ, ಕರೆಕ್ಟಾ?"

ಹಲ್ಲಿಯ ಉತ್ತರಗಳೆಲ್ಲ ಎಲ್ಲಿ ಹೋದವೋ. "ಹೌದು ಸಾರ್."

"ಕೋವಿಡ್ ಟೈಮಲ್ಲಿ ಎಲ್ಲರ ಬ್ಯುಸಿನೆಸ್ಸೂ ನೆಲ ಕಚ್ಚಿತು. ನಿಮ್ಮನೇಲಿ ಮಾತ್ರ ಬಂಪರ್ ಇಯರ್ ಇದ್ದಿರ್ಬೇಕು. ಹೆಣದ ಮೇಲೆ ಹೆಣ. ಆ ಡಿಮ್ಯಾಂಡ್ ನೋಡಿ ನಿಮ್ಮ ತಂದೆಗೆ ಒಳಗೊಳಗೇ ಖುಷಿ ಆಗ್ತಿರ್ಲಿಲ್ವಾ? ಆನೆಸ್ಟಾಗಿ ಹೇಳಿ."

ಹಾಲ್‌ನಲ್ಲಿ ಅಲ್ಲಲ್ಲಿ ನಗು ಎದ್ದು ಅರ್ಧಕ್ಕೆ ನಿಂತಿತು. ಮೊದಲ ಸಾಲಿನಲ್ಲಿದ್ದ ಫೆಸ್ಟ್ ಸಂಚಾಲಕ ಕಾರ್ತಿಕ್ ಫೋನಿನಲ್ಲಿ ವಿಡಿಯೋ ಹಿಡಿದಿದ್ದ. ಅವನ ಪಕ್ಕದಲ್ಲಿದ್ದ ಶ್ರೇಯಾ ನನ್ನನ್ನೇ ನೋಡುತ್ತ, ಹೇಳು ಹೇಳು ಎನ್ನುವಂತೆ ತಲೆಯಾಡಿಸುತ್ತಿದ್ದಳು. ತಾರಸಿಯ ಕೋಣೆ, ಮೆಟ್ಟಿಲ ಮೇಲಿನ ತಟ್ಟೆ, ಆ ಅಳು, ಇದನ್ನೆಲ್ಲ ಈ ಮನುಷ್ಯನ ಮುಂದೆ ಇಟ್ಟು ಅಂಕ ಗಳಿಸಬೇಕೇ? ಸಾಧ್ಯವಿಲ್ಲ ಅನ್ನಿಸಿತು. ಅಪ್ಪ ಯಾರೆಂದು ನೋಡದೆ ಕೇಳುತ್ತಿದ್ದಾರೆ, ನೋಡಿದರೆ ನಾಲಿಗೆ ಬಿದ್ದುಹೋದೀತು ಎಂದುಕೊಂಡೆ.

"ಅಪ್ಪ ಇಲ್ಲೇ ಇದ್ದಾರೆ ಸಾರ್," ಎಂದೆ. "ಕೊನೇ ಸಾಲಲ್ಲಿ. ಧೈರ್ಯ ಇದ್ರೆ ಅವರನ್ನೇ ಕೇಳಿ."

ಎಲ್ಲ ತಲೆಗಳೂ ಹಿಂದೆ ತಿರುಗಿದವು. ಎಂಥ ಮೌನ ಅದು. ಆ ಮೌನದ ನಡುವೆ ಅಪ್ಪ ಎದ್ದು ನಿಂತರು. ಅಷ್ಟು ಜನ ಒಟ್ಟಿಗೆ ತಿರುಗಿ ತಮ್ಮನ್ನು ನೋಡಿ ಸುಮ್ಮನಾದದ್ದನ್ನು ಅವರು ತಮಗೆ ಗೊತ್ತಿದ್ದ ರೀತಿಯಲ್ಲೇ ಅರ್ಥ ಮಾಡಿಕೊಂಡರು. ಬದುಕಿಡೀ ಅವರು ನೋಡಿದ್ದು ಅದೊಂದೇ ರೀತಿಯ ಮೌನ. ಎರಡೂ ಕೈ ಜೋಡಿಸಿದರು.

"ತಪ್ಪಾಯ್ತು," ಎಂದರು. "ಒಳ್ಳೇ ಕಾರ್ಯಕ್ಕೆ ನಾನು ಬರಬಾರದಿತ್ತು. ಮಗು ಕರೀತು ಅಂತ ಬಂದೆ. ಅದರದೇನೂ ತಪ್ಪಿಲ್ಲ, ದಯವಿಟ್ಟು ಮುಂದುವರಿಸಿ."

ಪಂಚೆಯ ಅಂಚು ಹಿಡಿದುಕೊಂಡು, ಯಾರಿಗೂ ತಾಗದ ಹಾಗೆ ಗೋಡೆಯ ಬದಿಯಿಂದ ನಡೆದು ಹೊರಗೆ ಹೋದರು.

ನಾನು ವೇದಿಕೆಯಿಂದ ಇಳಿದು ಓಡಿದೆ. ನನ್ನ ಹಿಂದೆ ಏನೋ ಸದ್ದು ಎದ್ದಿತು. ಚಪ್ಪಾಳೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಚಪ್ಪಾಳೆ ಯಾರಿಗೆ, ಯಾತಕ್ಕೆ ಎಂದು ಇಂದಿಗೂ ನನಗೆ ಅರ್ಥವಾಗಿಲ್ಲ.

ಅಪ್ಪ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಮುಖದ ಮೇಲೆ ಧೂಳು.

"ನೀನ್ಯಾಕೆ ಬಂದೆ? ಅರ್ಧಕ್ಕೆ ಎದ್ದು ಬರ್ತಾರಾ? ಒಳಗೆ ಹೋಗು."

"ಅಪ್ಪ, ಅವರು ನಿಮ್ಮ ಮೇಲೆ ಸಿಟ್ಟಾಗಿದ್ದಲ್ಲ. ಆ ಮನುಷ್ಯ ನನ್ನ ಕೆಣಕೋಕೆ ಕೇಳಿದ್ದು. ಅದು ಆಟದ ನಿಯಮ."

"ಗೊತ್ತಾಯ್ತು ಪುಟ್ಟಿ. ಅವರು ಕೇಳಿದ್ರಲ್ಲಿ ಏನೂ ಇಲ್ಲ, ಬಿಡು. ಆದ್ರೂ ನನ್ನ ನೋಡಿದ ತಕ್ಷಣ ಎಲ್ಲ ಹಾಗೆ ಸುಮ್ಮನಾಗ್ಬಿಟ್ರಲ್ಲ." ಬಸ್ ಬರುವ ದಿಕ್ಕಿಗೆ ನೋಡುತ್ತ ಹೇಳಿದರು, "ಆ ಪರೀಕ್ಷೆ ದಿನದಿಂದ ನಾವು ಇಬ್ರೂ ಸೇರಿ ಏನೋ ಹುಡುಗಾಟ ಆಡಿದ್ವಿ ಅನ್ಸುತ್ತೆ."

ಅಷ್ಟರಲ್ಲಿ ಶ್ರೇಯಾ ಏದುಸಿರು ಬಿಡುತ್ತ ರಸ್ತೆಗೆ ಓಡಿಬಂದಳು. ಅವಳ ಮುಖ ಅರಳಿತ್ತು, ದೇವರಾಣೆಗೂ ಅರಳಿತ್ತು. "ಮಗಾ, ನೀನೇ ವಿನ್ನರ್. ಮೂರು ಜನ ಜಡ್ಜುಗಳೂ ಒಪ್ಪಿದ್ರು. ಸ್ಟೇಕ್‌ಹೋಲ್ಡರನ್ನೇ ರೂಮಿಗೆ ತಂದ್ಲು, ಇಂಥ ಆನ್ಸರ್ ನಾನು ನೋಡೇ ಇಲ್ಲ ಅಂದ್ರು ಆ ಸಾರ್. ಬಾ, ಟ್ರೋಫಿ ಕೊಡ್ಬೇಕಂತೆ." ಆಮೇಲೆ ಅಪ್ಪನನ್ನು ನೋಡಿದಳು. "ಅಂಕಲ್, ನೀವೂ ಬನ್ನಿ. ನಿಮ್ಮಿಂದಾನೇ ಗೆದ್ದಿದ್ದು."

ಬಸ್ ಬಂತು. ಅಪ್ಪ ಅವಳಿಗೂ ಕೈ ಮುಗಿದು ಹತ್ತಿಬಿಟ್ಟರು. ನಾನೂ ಹತ್ತಲು ಹೋದರೆ ಬೇಡವೆಂದು ಕೈ ಅಡ್ಡ ಹಿಡಿದರು. ಬಸ್ ಹೋಯಿತು. ನಾವಿಬ್ಬರೂ ರಸ್ತೆಯಲ್ಲಿ ಉಳಿದೆವು.

"ನೀನೇ ಹೇಳಿದ್ದಾ?"

"ಹೇಳ್ದೆ," ಎಂದಳು. "ಆದ್ರೆ ನಾನು ಹೀರೋ ಥರ ಹೇಳಿದ್ದೆ ಕಣೇ. ಯಾರೂ ಬರ್ದೇ ಇದ್ದಾಗ ಅವರಪ್ಪ ಬಂದ್ರು, ನಮ್ಮ ತಾತನ್ನ ಕಳಿಸಿಕೊಟ್ರು ಅಂತ. ಅವರು ಅದನ್ನ ಹಿಂಗೆ ತಿರುಗಿಸ್ತಾರೆ ಅಂತ ನಂಗೇನ್ ಗೊತ್ತು? ನಿನ್ನ ಸ್ಟೋರಿ ಎಲ್ಲರದ್ದಕ್ಕಿಂತ ಸ್ಟ್ರಾಂಗ್ ಅಂತ ನಂಗೆ ಗೊತ್ತಿತ್ತು. ನೀನಾಗಿ ಯಾವತ್ತೂ ಹೇಳ್ತಿರ್ಲಿಲ್ಲ. ಅದಕ್ಕೆ ನಾನ್ ಹೇಳ್ದೆ."

"ಅದು ನನ್ನ ಸ್ಟೋರಿ ಅಲ್ಲ ಶ್ರೇಯಾ. ನಮ್ಮಪ್ಪ."

"ಗೆದ್ಯಲ್ಲ," ಎಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕಣ್ಣಲ್ಲಿ ಬರಲಿಲ್ಲ. ಅವಳು ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು. ಬೈದು, ಮರೆತು, ನೆಮ್ಮದಿಯಾಗಿರಬಹುದಿತ್ತು. ಕಾಲು ಮುಟ್ಟಿ ನಮಸ್ಕಾರ ಮಾಡಿದವಳೇ ತನ್ನ ಪ್ರೀತಿಯಿಂದಲೇ ಹೀಗೆ ಮಾಡಿದಳಲ್ಲ, ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಆಸೆಯೂ ಇಲ್ಲ. ಆ ದಿನದ ಮೇಲೆ ನಾವು ಒಂದೇ ಕ್ಲಾಸಿನಲ್ಲಿ ಕೂತು, ಒಂದೇ ಗ್ರೂಪಿನಲ್ಲಿ ಸ್ಲೈಡ್ ಮಾಡಿ, ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕಾರ್ತಿಕ್ ಹಿಡಿದ ವಿಡಿಯೋ ಕಾಲೇಜಿನ ಪುಟದಲ್ಲಿ ರೀಲ್ ಆಗಿ ಬಂತು. ತೀರ್ಪುಗಾರರ ಪ್ರಶ್ನೆಯನ್ನು ಕತ್ತರಿಸಿದ್ದರು. ನನ್ನ ಮಾತು, ಅಪ್ಪ ಎದ್ದು ಕೈ ಜೋಡಿಸುವುದು, ಹಿಂದೆ ಪಿಟೀಲು. ಕೆಳಗೆ 'ರೆಸ್ಪೆಕ್ಟ್' ಎಂದು ಬರೆದಿದ್ದರು. ಜನ ಸಾಲುಸಾಲಾಗಿ ಕೈಮುಗಿಯುವ ಚಿತ್ರ ಹಾಕಿದ್ದರು. ನಾನು ಕಾರ್ತಿಕ್‌ನನ್ನು ಕ್ಯಾಂಟೀನಿನಲ್ಲಿ ಹಿಡಿದು ತೆಗೆಯಲು ಹೇಳಿದೆ.

"ಏನ್ ಗುರು ನೀನು," ಎಂದ. "ಸಖತ್ತಾಗಿ ಓಡ್ತಿದೆ. ಅಡ್ಮಿಷನ್ ಟೀಮಿನವರೇ ಕೇಳಿ ತಗೊಂಡ್ರು. ಒಂದೇ ಒಂದು ನೆಗೆಟಿವ್ ಕಾಮೆಂಟ್ ತೋರ್ಸು, ಈಗಲೇ ತೆಗೀತೀನಿ."

ನೆಗೆಟಿವ್ ಇರಲಿಲ್ಲ. ಅದೇ ಕಷ್ಟ. ಪ್ರಿನ್ಸಿಪಾಲರ ಹತ್ತಿರ ಹೋದೆ. ಇಷ್ಟು ಸೆನ್ಸಿಟಿವ್ ಆದರೆ ಕಾರ್ಪೊರೇಟಿನಲ್ಲಿ ಹೇಗಮ್ಮಾ ಎಂದರು. ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೂ ಅದು ಬಂತು. ಎದುರು ಮನೆಯ ರಾಯರು ಅಮ್ಮನನ್ನು ತಡೆದು, "ಶಾಸ್ತ್ರಿಗಳು ಎಷ್ಟು ವಿನಯವಂತರು ನೋಡಿ, ತಮ್ಮ ಮರ್ಯಾದೆ ತಾವು ತಿಳ್ಕೊಂಡೋರು," ಎಂದರಂತೆ. ಅಮ್ಮ ಒಳಗೆ ಬಂದು ತರಕಾರಿ ಚೀಲವನ್ನು ಕುಕ್ಕಿದಳು. ಆಮೇಲೆ ನನಗೆ ಹೇಳಿದಳು, "ಅವರನ್ನ ಯಾಕೆ ಕರ್ಕೊಂಡ್ ಹೋದೆ ಅಂತ ನಾನ್ ಕೇಳಲ್ಲ. ಆದ್ರೆ ಇಷ್ಟು ವರ್ಷ ಈ ಬೀದಿ ಅವರ ಬೆನ್ನ ಹಿಂದೆ ಅಂತಿತ್ತು. ಈಗ ಅವರ ಬಾಯಲ್ಲೇ ಹೇಳಿಸ್ದಂಗಾಯ್ತು."

ಪ್ಲೇಸ್‌ಮೆಂಟ್ ಏಪ್ರಿಲ್‌ನಲ್ಲಿ ಆಯಿತು. ಸಂದರ್ಶನದಲ್ಲಿ ಒಬ್ಬರು ನನ್ನ ಮುಖ ನೋಡಿ, "ಆ ವಿಡಿಯೋದ ಹುಡುಗಿ ನೀವೇ ಅಲ್ವಾ? ಯುವರ್ ಫಾದರ್ ಈಸ್ ಸೋ ಇನ್‌ಸ್ಪೈರಿಂಗ್," ಎಂದರು. ಹೌದು ಎಂದೆ. ಕೆಲಸ ಸಿಕ್ಕಿತು. ಓದಿನಿಂದ ಸಿಕ್ಕಿತೋ ಅಪ್ಪ ಕೈ ಮುಗಿದದ್ದರಿಂದ ಸಿಕ್ಕಿತೋ ಎಂದು ತಿಳಿಯುವ ದಾರಿಯೇ ಇಲ್ಲದಂತೆ ಮಾಡಿದರು. ಸಂಬಳದ ಮೊದಲ ದಿನ ಸಂತೋಷಪಡುವ ಹಕ್ಕನ್ನೂ ಹೀಗೆ ಕಸಿದುಕೊಂಡರು.

ಮುಂಗಾರು ಶುರುವಾದಾಗ ಪದವಿ ಪ್ರದಾನ. ಅಪ್ಪನನ್ನು ಕರೆದೆ. ಬೇಡಿಕೊಂಡೆ ಎಂದೇ ಹೇಳಬೇಕು. ಮುಂದಿನ ಸಾಲೂ ಬೇಡ, ಹಿಂದೆಯೇ ಕೂತಿರಿ, ಯಾರೂ ಏನೂ ಕೇಳುವುದಿಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. "ಅಮ್ಮ ಬರ್ತಾಳೆ. ಚಿಕ್ಕಪ್ಪನ್ನ ಕರ್ಕೊಂಡ್ ಹೋಗಿ," ಎಂದರು. ಅಂದು ಅವರಿಗೆ ಕೆಲಸವಿತ್ತೆಂದು ಹೇಳಿದರು. ಇರಲಿಲ್ಲವೆಂದು ಅಮ್ಮ ಆಮೇಲೆ ಹೇಳಿದಳು.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಮಳೆ ಬರಬಹುದೆಂದು ಹೆದರಿದ್ದೆವು, ಬರಲಿಲ್ಲ. ಬಾಡಿಗೆಯ ಕಪ್ಪು ಗೌನು ನನಗೆ ಸರಿಯಾಗಿಯೇ ಕೂತಿತ್ತು. ಹೆಸರು ಕೂಗಿ ಮುಖ್ಯ ಅತಿಥಿಗಳು ಪದಕ ಹಾಕಿದಾಗ ಚಿಕ್ಕಪ್ಪ ಶಿಳ್ಳೆ ಹೊಡೆದು ಅಮ್ಮನಿಂದ ಬೈಸಿಕೊಂಡರು. ಸಂಜೆ ಮನೆಗೆ ಬಂದಾಗ ಅಪ್ಪ ಸ್ನಾನ ಮುಗಿಸಿ, ಸಂಧ್ಯಾವಂದನೆ ಮಾಡಿ, ನಡುಮನೆಯಲ್ಲಿ ಕಾಯುತ್ತಿದ್ದರು. ನನ್ನ ಫೋನು ಕೇಳಿ ತೆಗೆದುಕೊಂಡರು. ಒಂದೊಂದೇ ಚಿತ್ರ ಸರಿಸುತ್ತ, ಎರಡು ಬೆರಳಿನಿಂದ ಹಿಗ್ಗಿಸಿ ನನ್ನ ಮುಖ ನೋಡಿ, ಅಮ್ಮನ ಸೀರೆ ನೋಡಿ, ಹಿಂದೆ ಕೂತ ಜನರನ್ನೂ ನೋಡಿದರು. ತುಂಬ ಹೊತ್ತು ನೋಡಿದರು.

"ಪದಕ ಅವರೇ ಹಾಕಿದ್ರಾ?"

"ಹೂಂ ಅಪ್ಪ."

"ಯಾರೂ ಏನೂ ಅನ್ಲಿಲ್ವಲ್ಲ? ಎಲ್ಲಾ ಸುಸೂತ್ರವಾಗಿ ಆಯ್ತಲ್ಲ?"

"ಆಯ್ತು."

ಅವರ ಮುಖದಲ್ಲಿ ನಿಜವಾದ ಸಮಾಧಾನ ಕಂಡಿತು. ಫೋನನ್ನು ಪಂಚೆಯ ತುದಿಯಿಂದ ಒರೆಸಿ ನನ್ನ ಕೈಗೆ ಕೊಟ್ಟರು.

"ನೋಡಿದ್ಯಾ ಪುಟ್ಟಿ," ಎಂದರು, "ನಾನು ಬರದೇ ಇದ್ದಿದ್ದೇ ಒಳ್ಳೇದಾಯ್ತು."